ಸಹಾಯ ಬೇಕು: ತಮ್ಮನ ದುಡಿಮೆಯಲ್ಲಿ ಮೊದಲೇ ಹಿಡಿದ ತೆರಿಗೆ (ಟಿಡಿಎಸ್) ವಾಪಸ್ ಪಡೆಯೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಕುಂದಾಪುರ ಕಡೆಯವರು, ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ನನ್ನ ತಮ್ಮ ಒಂದು ಕ್ಯಾಂಟೀನ್‌ನಲ್ಲಿ ಅಡುಗೆ ಮಾಡುತ್ತಾನೆ. ತಿಂಗಳಿಗೆ 22,000. ಕಂಟ್ರಾಕ್ಟರ್ ಅದನ್ನು ಸಂಬಳ ಅಂತ ತೋರಿಸದೆ, ಪ್ರೊಫೆಷನಲ್ ಫೀ ಅಂತ ಬರೆದು 10% ಟಿಡಿಎಸ್ ಹಿಡಿಯುತ್ತಾರೆ. ಕೈಗೆ ಬರೋದು 19,800.

2025ರ ಬಜೆಟ್‌ನಲ್ಲಿ ಆದಾಯ ತೆರಿಗೆಯ ಹೊಸ ಪದ್ಧತಿಯ ಮೊದಲ ಸ್ಲ್ಯಾಬ್ (ತೆರಿಗೆಯೇ ಇಲ್ಲದ ಹಂತ) 3 ಲಕ್ಷದಿಂದ 4 ಲಕ್ಷಕ್ಕೆ ಏರಿತು. ರಿಬೇಟ್ (ತೆರಿಗೆ ರಿಯಾಯಿತಿ) ಸೇರಿದರೆ 12 ಲಕ್ಷದವರೆಗೂ ತೆರಿಗೆ ಇಲ್ಲ. ಇವನ ವರ್ಷದ ದುಡಿಮೆ 2.64 ಲಕ್ಷ. ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ಸ್ಲ್ಯಾಬ್ ಏರಿದರೆ ಇಂಥವರಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗಲ್ಲ, ಅಲ್ವಾ? ಆದರೂ ವರ್ಷಕ್ಕೆ 26,400 ಕಟ್ ಆಗಿದೆ. ಊರಲ್ಲಿ ಅಮ್ಮನ ಮಾತ್ರೆಗೆ ಕಳಿಸುವ ದುಡ್ಡು ಅದು. ನನಗೆ ತುಂಬಾ ಸಂಕಟ ಆಗುತ್ತದೆ.

ಆದಾಯ ತೆರಿಗೆ ರಿಟರ್ನ್ (ಐಟಿಆರ್) ಹಾಕಿದರೆ ಮಾತ್ರ ವಾಪಸ್ ಬರುತ್ತದಂತೆ. 26ಎಎಸ್ (ಹಿಡಿದ ತೆರಿಗೆಯ ಲೆಕ್ಕ ತೋರಿಸುವ ಇಲಾಖೆಯ ಪಟ್ಟಿ) ತೆಗೆದು ನೋಡಿದೆವು, ಹಿಡಿದ ದುಡ್ಡೆಲ್ಲ ಅದರಲ್ಲಿ ಕಾಣುತ್ತಿದೆ. ಆದರೆ ಸಂಬಳದವರ ಐಟಿಆರ್-1 ಫಾರ್ಮ್ ತುಂಬಬೇಕೋ, ವೃತ್ತಿ-ವ್ಯಾಪಾರದವರ ಐಟಿಆರ್-4ಓ? ಕಂಟ್ರಾಕ್ಟರ್ ಹತ್ರ ಸಂಬಳ ಅಂತಲೇ ಬರೆಸಿಕೊಳ್ಳಲು ಏನು ಕೇಳಬೇಕು? ಭಾನುವಾರ ಒಂದರ್ಧ ಗಂಟೆ ಜೊತೆಗೆ ಕೂತು ಹೇಳಿಕೊಡುವವರು ಕಲ್ಯಾಣ, ಠಾಣೆ, ಮಾಟುಂಗಾ ಕಡೆ ಯಾರಾದರೂ ಇದ್ದೀರಾ? ನಾವೇ ಬರುತ್ತೇವೆ.