ಮಗನನ್ನು ಆಶ್ರಮಕ್ಕೆ ಸ್ವಯಂಸೇವೆಗೆ ಕರೆದುಕೊಂಡು ಹೋಗಲಾ? ಮಾಡಿದವರು ಅನುಭವ ಹೇಳಿ

ಇಬ್ಬರಮ್ಮ:
ದೊಡ್ಡವನಿಗೆ 14 ವರ್ಷ. ನಲ್ಲಿ ತೆರೆದಿಟ್ಟು ಫೋನ್ ನೋಡುತ್ತಾ ನಿಲ್ಲುತ್ತಾನೆ. ಹೊಸ ಶೂ ತಿಂಗಳಿಗೇ ಬೇಜಾರು. ರಜೆಯಲ್ಲಿ ಎರಡು ವಾರ ಅನಾಥ ಮಕ್ಕಳ ಆಶ್ರಮವೊಂದಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ, ಇರುವುದರ ಬೆಲೆ ಅವನಿಗೆ ಗೊತ್ತಾಗಲಿ ಅಂತ. ಚರ್ಮದ ಅಲರ್ಜಿ ಇದೆ, ಅದೊಂದು ಚಿಂತೆ. ಕೈಯಲ್ಲಿ ಏನು ತೆಗೆದುಕೊಂಡು ಹೋಗಬೇಕು?

ಸಂಜೆಪಾಠ:
ನಾನು ಹಲವು ವರ್ಷಗಳಿಂದ ಸಂಜೆ ಹೊತ್ತು ಆಶ್ರಮವೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ, ಈಗಲೂ ಬಿಟ್ಟಿಲ್ಲ. ಮೊದಲ ಪೆಟ್ಟು ಕೊಟ್ಟಿದ್ದು ಕಜ್ಜಿ. ಮೊದಲ ಸಲ ತಗುಲಿದರೆ ತುರಿಕೆ ಶುರುವಾಗುವುದಕ್ಕೆ ನಾಲ್ಕರಿಂದ ಆರು ವಾರ ಬೇಕು, ಅಷ್ಟರಲ್ಲಿ ನಮ್ಮ ಮನೆಯವರಿಗೆಲ್ಲ ಹತ್ತಿತ್ತು. ಪರ್ಮೆಥ್ರಿನ್ 5% ಮುಲಾಮು, ಕುತ್ತಿಗೆಯಿಂದ ಕಾಲ್ಬೆರಳ ಸಂದಿವರೆಗೆ, ರಾತ್ರಿಯಿಡೀ. ವಾರ ಬಿಟ್ಟು ಮತ್ತೆ ಅದೇ. ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಅದೇ ದಿನ ಹೊದಿಕೆ, ದಿಂಬಿನ ಚೀಲ, ಟವೆಲ್ ಎಲ್ಲ ಬಿಸಿನೀರಿಗೆ. ಇಷ್ಟಾದರೂ ತುರಿಕೆ ಇನ್ನೂ ಕೆಲವು ವಾರ ಹೋಗುವುದಿಲ್ಲ, ಔಷಧಿ ಕೆಲಸ ಮಾಡಲಿಲ್ಲ ಅಂತ ಜನ ಗಾಬರಿಯಾಗುತ್ತಾರೆ. ಹೆಂಡತಿ ಮಾತು ಬಿಟ್ಟಳು. ಅದು ಮುಗಿಯುವಷ್ಟರಲ್ಲಿ ಹೇನು. ಸೀರು ಒಡೆಯಲು 7ರಿಂದ 10 ದಿನ ಬೇಕು, ಒಂದು ಸಲ ಔಷಧಿ ಹಾಕಿ ಕೈಬಿಟ್ಟರೆ ಮತ್ತೆ ಮೊದಲಿಂದ.

ಆದರೆ ನೋಡಿ, ನಮಗೆ ಬಿಸಿನೀರಿತ್ತು. ಬದಲಿ ಹೊದಿಕೆ ಇತ್ತು. ಅಲ್ಲಿ ಇಬ್ಬರು ಮಕ್ಕಳಿಗೆ ಒಂದು ಹೊದಿಕೆ. ಎಲ್ಲರದ್ದೂ ಒಂದೇ ದಿನ ಒಗೆಯುವಷ್ಟು ನೀರೂ ಇಲ್ಲ, ಒಣಗಿಸಲು ಹಗ್ಗವೂ ಇಲ್ಲ. ಕಜ್ಜಿ ಹೋಗದೆ ಉಳಿಯುವುದು ಅದಕ್ಕೆ, ಮಕ್ಕಳು ಕೊಳಕು ಅಂತಲ್ಲ. ಒಣಗಿದ ಟವೆಲ್ಲು, ಅದೂ ನನ್ನೊಬ್ಬನದು. ಇದು ಎಷ್ಟು ದೊಡ್ಡ ಸೌಕರ್ಯ ಅಂತ ನನಗೆ ಅರ್ಥವಾಗಿದ್ದು ಆಗಲೇ. ಕರೆದುಕೊಂಡು ಹೋಗಿ ಮೇಡಂ.

ದೂರದೀಪ:
ಕರೆದುಕೊಂಡು ಹೋಗಬೇಡಿ. ನಾನು ಚಿಕ್ಕ ಮಕ್ಕಳ ವಿಭಾಗದಲ್ಲಿದ್ದೆ, ಸಂಬಳವಿಲ್ಲದ ರಜೆ ಹಾಕಿ, ಬಡ್ತಿ ಬಿಟ್ಟು. ಎರಡು ವಾರಕ್ಕೊಂದು ಹೊಸ ತಂಡ ಬರುತ್ತಿತ್ತು. ಮಕ್ಕಳು ಗುರುತೇ ಇಲ್ಲದವರ ತೊಡೆ ಹತ್ತಿ ಕೂರುತ್ತಿದ್ದರು, ಬಂದವರು "ಎಷ್ಟು ಪ್ರೀತಿ ಈ ಮಕ್ಕಳಿಗೆ" ಅಂತ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಪ್ರೀತಿ ಅಲ್ಲ. ತನ್ನವರು ಅಂತ ಒಬ್ಬರೂ ಉಳಿಯದ ಮಗು ಹಾಗೆ ಮಾಡುತ್ತದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಇದೆ. ಆಶ್ರಮದಲ್ಲೇ ಉಳಿದವರಿಗಿಂತ ಸಾಕುಮನೆಗೆ, ಅಂದರೆ ಮಗುವನ್ನು ತಮ್ಮ ಮನೆಯಲ್ಲೇ ಇಟ್ಟು ಸಾಕುವ ಕುಟುಂಬಕ್ಕೆ, ಹೋದವರು, ಅದೂ ಬೇಗ ಹೋದವರು, ಎಷ್ಟೋ ಚೆನ್ನಾಗಿ ಬೆಳೆದರು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ ನಿರ್ಣಯದಲ್ಲೇ ಆಶ್ರಮಗಳ ಸ್ವಯಂಸೇವೆಯಿಂದ ಆಗುವ ಹಾನಿ ತಡೆಯಿರಿ ಅಂತ ದೇಶಗಳಿಗೆ ಹೇಳಿದೆ. ಸುಮ್ನೆ ಹೇಳಲಿಲ್ಲ.

ನಾನಿದ್ದ ಕಡೆ ಶೌಚಾಲಯದ ಒಡೆದ ಬಾಗಿಲನ್ನು ಬೇಕಂತಲೇ ರಿಪೇರಿ ಮಾಡಿಸುತ್ತಿರಲಿಲ್ಲ. ನೋಡಲು ಬಂದವರ ಕೈ ಬಿಚ್ಚುತ್ತಿತ್ತಲ್ಲ. ದೂರು ಕೊಟ್ಟೆ, ನನ್ನನ್ನೇ ಬರಬೇಡ ಅಂದರು. ಆ ಮಕ್ಕಳ ಕೊರತೆ ನಿಮ್ಮ ಮಗನಿಗೆ ಪಾಠದ ಸಾಮಾನಲ್ಲ.

ಸಂಜೆಪಾಠ:
ಎರಡು ವಾರದ ತಂಡಕ್ಕೂ ವಾರ ವಾರ ತಪ್ಪದೆ ಹೋಗುವವನಿಗೂ ವ್ಯತ್ಯಾಸ ಇಲ್ಲವಾ? ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ದೂರದೀಪ:
ನಾನು ಬರೆದಿದ್ದು ಎರಡು ವಾರದವರಿಗೆ. ನಿಮಗೇಕೆ ಚುಚ್ಚಿತು?

ಹಳೇಸೈಕಲ್:
ನಾನು ಅಂಥ ಕಡೆಯೇ ಬೆಳೆದವನು. ಇಬ್ಬರೂ ಸ್ವಲ್ಪ ಕೇಳಿ.

ಬಂದವರೆಲ್ಲ ಕಂಪಾಸ್ ಬಾಕ್ಸ್ ತರುತ್ತಿದ್ದರು. ಬಣ್ಣದ ಪೆನ್ಸಿಲ್, ಬೊಂಬೆ, ಮತ್ತೆ ಕಂಪಾಸ್ ಬಾಕ್ಸ್. ಒಳಉಡುಪು ಯಾರೂ ತರಲಿಲ್ಲ, ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ಅಲ್ವಾ. ಒಗೆದ ಬಟ್ಟೆಯ ರಾಶಿಯಿಂದ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಿದ್ದೆವು, ಅಳತೆ ದೇವರಿಗೇ ಪ್ರೀತಿ. ಉಗುರು ಕತ್ತರಿ ಇಡೀ ಕೊಠಡಿಗೆ ಒಂದು. ಟೂತ್‌ಬ್ರಷ್ ಕೂದಲು ಉದುರಿ ಬೋಳಾದರೂ ಅದೇ. ಸ್ನಾನದ ಮನೆಗೆ ಚಿಲಕ ಇರಲಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಇರುವುದೇ ಮಗುವಿನ ಖಾಸಗಿತನದ ಬಗ್ಗೆ. ನನಗದು ಗೊತ್ತಾಗಿದ್ದು ದೊಡ್ಡವನಾದ ಮೇಲೆ, ಆದರೆ ಚಿಲಕ ಬೇಕು ಅನ್ನುವುದು ಹತ್ತು ವರ್ಷಕ್ಕೇ ಗೊತ್ತಿತ್ತು. ಬಾಡಿಗೆ ಮನೆ ಹಿಡಿದಾಗ ಮೊದಲು ನೋಡಿದ್ದು ಅದನ್ನೇ.

ದೂರದೀಪ ಅವರೇ, ನೀವು ಹೇಳಿದ್ದೆಲ್ಲ ನಿಜ. ಆದರೆ ನನಗೆ ಬೋರ್ಡ್ ಕಾಣುತ್ತಿರಲಿಲ್ಲ. ದಡ್ಡ ಅಂತ ಹಿಂದೆ ಕೂರಿಸಿದ್ದರು. ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಒಬ್ಬರು ಗಮನಿಸಿ ಕಣ್ಣು ಪರೀಕ್ಷೆ ಮಾಡಿಸಿದರು. ಮೈನಸ್ ನಾಲ್ಕು! ಕನ್ನಡಕ ಹಾಕಿದ ದಿನ ಮರಕ್ಕೆ ಬಿಡಿ ಬಿಡಿ ಎಲೆ ಇದೆ ಅಂತ ನೋಡಿದೆ. ಅವರೂ ಯಾರದೋ ಅಧ್ಯಯನ ಓದಿ ಮನೆಯಲ್ಲೇ ಕೂತಿದ್ದರೆ?

ದೂರದೀಪ:
ಮನೆಯಲ್ಲಿ ಕೂತಿಲ್ಲ. ಮಕ್ಕಳನ್ನು ಆಶ್ರಮಕ್ಕೆ ಕಳಿಸದೆ ಇಟ್ಟುಕೊಳ್ಳಲು ಒದ್ದಾಡುವ ಕುಟುಂಬಗಳ ಜೊತೆ ಈಗ ಕೆಲಸ ಮಾಡುತ್ತೇನೆ. ಅಲ್ಲಿರುವ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ, ಕೈಯಲ್ಲಿ ಕಾಸಿಲ್ಲದೆ ಬಿಟ್ಟವರು. ಆ ಕಂಪಾಸ್ ಬಾಕ್ಸ್‌ನ ದುಡ್ಡು ಆ ಮನೆಗೆ ಹೋಗಲಿ ಅನ್ನುವುದು ನನ್ನ ಹಟ.

ನೀಲಿಬಕೆಟ್:
ಹಳೇಸೈಕಲ್ ಹೇಳಿದ ಒಳಉಡುಪಿನ ಮಾತಿಗೆ ಸೇರಿಸುತ್ತೇನೆ. ನಾವು ಹುಡುಗಿಯರಿಗೆ ಒಗೆದು ಬಳಸುವ ಬಟ್ಟೆ ಪ್ಯಾಡ್ ಕೊಟ್ಟೆವು. ಇಡೀ ಯೋಜನೆ ಬಿದ್ದುಹೋಯಿತು. ಪ್ಯಾಡ್ ಚೆನ್ನಾಗಿಯೇ ಇತ್ತು. ಒಗೆಯಲು ನೀರು ಬೇಕು, ಸೋಪು ಬೇಕು, ಬಿಸಿಲಲ್ಲಿ ಒಣಹಾಕಲು ಜಾಗ ಬೇಕು. ಹುಡುಗರೂ ಓಡಾಡುವ ಅಂಗಳದಲ್ಲಿ ಯಾರು ಹಾಕುತ್ತಾರೆ? ಮಂಚದ ಕೆಳಗೆ ಕಟ್ಟಿದ ದಾರದ ಮೇಲೆ ಅರೆಬರೆ ಒಣಗಿದ್ದನ್ನೇ ಹಾಕಿಕೊಂಡರು. ಒಬ್ಬರಿಗೆ ದಿನಕ್ಕೆ 50ರಿಂದ 100 ಲೀಟರ್ ನೀರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿ ಒಬ್ಬಳಿಗೆ ಸಿಗುತ್ತಿದ್ದುದು ಒಂದು ಬಕೆಟ್, ಸ್ನಾನ ಬಟ್ಟೆ ಎಲ್ಲಾ ಅದರಲ್ಲೇ. ಬಟ್ಟೆ ಪ್ಯಾಡ್ ಹಂಚುವವರು ಮೊದಲು ಬಕೆಟ್ ಎಣಿಸಿ.

ಸೂಜಿದಾರ:
ಬಟ್ಟೆ ಪ್ಯಾಡ್ ಹೊಲಿಯುವವಳು ನಾನು. ಬಟ್ಟೆಯದು ಬೇಡ ಅಂತ ಬಿಸಾಡುವ ಪ್ಯಾಡ್ ಕೊಟ್ಟರೆ ಎಲ್ಲಿ ಬಿಸಾಡಬೇಕು ಅಂತಲೂ ಹೇಳಿ. ನಮ್ಮ ಹುಡುಗಿಯರ ಶೌಚಾಲಯ ಅಂಥ ಪ್ಯಾಡ್‌ನಿಂದ ಕಟ್ಟಿಕೊಂಡು, ಪೈಪ್ ಒಡೆಸಬೇಕಾಯಿತು, ಆ ದುಡ್ಡಲ್ಲಿ ಆರು ತಿಂಗಳ ಸೋಪು ಬರುತ್ತಿತ್ತು. ತಿಂಗಳು ತಿಂಗಳು ತಂದುಕೊಡುವವರು ಎರಡನೇ ವರ್ಷಕ್ಕೆ ಮಾಯ. ಆಮೇಲೆ ಹುಡುಗಿಯರು ಏನು ಮಾಡಬೇಕು?

ನೀಲಿಬಕೆಟ್:
ಮುಚ್ಚಳದ ಬುಟ್ಟಿ ಇಡಿಸಿ! ಇದಕ್ಕೂ ಜಗಳವಾ? ಒದ್ದೆ ಬಟ್ಟೆಯಿಂದ ತೊಡೆ ಸಂದಿ ಸುಲಿದ ಹುಡುಗಿಯನ್ನು ನೀವು ನೋಡಿಲ್ಲ.

ಸೂಜಿದಾರ:
ನೋಡಿದ್ದೇನೆ. ಅದಕ್ಕೇ ಪ್ಯಾಡ್ ಜೊತೆ ಸೋಪು, ಪ್ರತಿಯೊಬ್ಬಳಿಗೂ ಮುಚ್ಚಳದ ಬಕೆಟ್ ಕೊಡುತ್ತೇನೆ, ತಾರಸಿಯಲ್ಲಿ ಅಡ್ಡ ಪರದೆ ಕಟ್ಟಿಸದೆ ಹಂಚುವುದಿಲ್ಲ. ನಿಮ್ಮ ಯೋಜನೆ ಬಿದ್ದಿದ್ದು ಪರದೆ ಇಲ್ಲದೆ.

ಇಬ್ಬರಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಅಲರ್ಜಿ ಬಗ್ಗೆ ಯಾರೂ ಹೇಳಲಿಲ್ಲ... ಎರಡು ವಾರ ಬೇಡ ಅಂತ ಅರ್ಥವಾಯಿತು. ಹಾಗಾದರೆ ಅವನು ಏನು ಮಾಡಬಹುದು?

ಹಳೇಸೈಕಲ್:
ಅಲರ್ಜಿಗೆ ವೈದ್ಯರನ್ನು ಕೇಳಿ ಅಕ್ಕ. ಆಶ್ರಮಕ್ಕೆ ಮೊದಲು ಫೋನ್ ಮಾಡಿ ಒಳಉಡುಪಿನ ಅಳತೆ ಪಟ್ಟಿ ಕೇಳಿ. ಅಳತೆ ಪ್ರಕಾರ ಜೋಡಿಸಿ ಕಟ್ಟುವ ಕೆಲಸ ಮಗನಿಗೆ ಕೊಡಿ, ಫೋಟೊ ಬೇಡ. ಅಲ್ಲಿಗೆ ಹೋಗಲೇಬೇಕು ಅಂದರೆ ಚಿಲಕ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಲಿ.

ನೀಲಿಬಕೆಟ್:
ಸೂಜಿದಾರ ಅವರೇ, ನಮ್ಮಲ್ಲಿ ತಾರಸಿಯೇ ಇರಲಿಲ್ಲ. ಶೀಟಿನ ಮನೆ. ಪರದೆ ಎಲ್ಲಿ ಕಟ್ಟಿಸಬೇಕಿತ್ತು ಹೇಳಿ.