ಕಾಸರಗೋಡಿನ ಕನ್ನಡ ಮಕ್ಕಳು: ಗುರುತು ನೆಮ್ಮದಿ ಕೊಟ್ಟಿತೇ, ಹೊರೆಯಾಯಿತೇ?

ಪ್ರಶ್ನೆ: ಕುಂಬಳೆಯ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಕುಂಬಳೆಯ ಹತ್ತಿರದವರು. ಮನೆಯಲ್ಲಿ ಆಡುವುದು ತುಳು, ಓದಿ ಬರೆಯುವುದು ಕನ್ನಡ, ಬಸ್ಸಿನಲ್ಲಿಯೂ ಪಂಚಾಯತು ಕಚೇರಿಯಲ್ಲಿಯೂ ನಡೆಯುವುದು ಮಲಯಾಳ. ಬರುವ ಜೂನ್‌ನಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸಬೇಕಾಗಿದೆ. ನಮ್ಮೂರಿನ ಶಾಲೆಯಲ್ಲಿ ಒಂದೇ ಮಾಡಿನ ಕೆಳಗೆ ಕನ್ನಡ ವಿಭಾಗವೂ ಇದೆ, ಮಲಯಾಳ ವಿಭಾಗವೂ ಇದೆ. ಅದಲ್ಲದೆ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರ ವ್ಯಾನು ದಿನಾ ನಮ್ಮ ಗೇಟಿನವರೆಗೆ ಬಂದು ಹೋಗುತ್ತದೆ.

ಅತ್ತೆಯವರ ಪ್ರಕಾರ ಇದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಅವರ ತಂದೆ ಮೆರವಣಿಗೆಗಳಲ್ಲಿ ನಡೆದವರು. ಮೊಮ್ಮಗಳು ಮಲಯಾಳ ವಿಭಾಗದ ಬೆಂಚಿನಲ್ಲಿ ಕುಳಿತರೆ ತಂದೆಗೆ ಮಾಡಿದ ದ್ರೋಹವೆಂದೇ ಅವರು ತಿಳಿಯುತ್ತಾರೆ. ಆದರೆ ಪಿಂಚಣಿಯ ಅರ್ಜಿ ಮಲಯಾಳದಲ್ಲಿ ಬಂದಾಗ ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಹುಡುಗನ ಬಳಿಗೆ ಹೋಗುವವರೂ ಅವರೇ. ಬೆಂಗಳೂರಿನಲ್ಲಿರುವ ನಾದಿನಿ ಇಂಗ್ಲಿಷ್ ಬಿಟ್ಟರೆ ಬೇರೆ ಮಾತೇ ಬೇಡ ಎನ್ನುತ್ತಾಳೆ. ಕೇರಳದಲ್ಲಿ ಸರಕಾರಿ ಕೆಲಸ ಸಿಗಬೇಕಾದರೆ ಮಲಯಾಳವೇ ದಾರಿ ಎನ್ನುವುದು ಯಜಮಾನರ ಗೆಳೆಯರ ಅಭಿಪ್ರಾಯ. ಎಲ್ಲರೂ ಮಗುವಿನ ಒಳಿತಿಗೆಂದೇ ಹೇಳುತ್ತಾರೆ, ಆದರೂ ಪ್ರತಿಯೊಂದು ಸಲಹೆಯ ಹಿಂದೆ ಹೇಳಿದವರದೇ ಒಂದು ಹಳೆಯ ಲೆಕ್ಕ ಬಾಕಿ ಇರುವಂತೆ ನನಗೆ ತೋರುತ್ತದೆ.

ನಾನು ಕೇಳಬೇಕೆಂದಿರುವುದು ಇಷ್ಟು. ಇದೇ ಗಡಿನಾಡಿನಲ್ಲಿ ಬೆಳೆದು ಈಗ ನಡುವಯಸ್ಸು ದಾಟಿರುವವರಿಗೆ, ಚಿಕ್ಕಂದಿನಲ್ಲಿ ಹಿರಿಯರು ಕೊಟ್ಟ ‘ನಾವು ಕನ್ನಡಿಗರು’ ಎಂಬ ಗುರುತು ಮುಂದಿನ ಬದುಕಿನಲ್ಲಿ ನೆಮ್ಮದಿ ಕೊಟ್ಟಿತೇ, ಅಥವಾ ಹೊತ್ತು ತಿರುಗಬೇಕಾದ ಹೊರೆಯಾಯಿತೇ? ದಯವಿಟ್ಟು ಭಾಷಣದ ಉತ್ತರ ಬೇಡ.

ಉತ್ತರ 1: ನಿವೃತ್ತ ಮಾಷ್ಟ್ರು

ಅಮ್ಮಾ, ಭಾಷಣ ಮಾಡುವುದಿಲ್ಲ, ಆದರೆ ಸ್ವಲ್ಪ ಹಿಂದಿನಿಂದ ಹೇಳದಿದ್ದರೆ ನಿಮ್ಮ ಅತ್ತೆಯವರ ಮಾತು ಬರೀ ಹಟದಂತೆ ಕಾಣುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ, ಮಲಯಾಳ ಹೀಗೆ ಯಾವುದಾದರೂ ಆಗಿರಬಹುದಿತ್ತು; ಇವರಲ್ಲಿ ಬಹಳ ಮಂದಿ ಒಟ್ಟಿಗೆ ಕುಳಿತು ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ. ಹಾಗಾಗಿ ಇಲ್ಲಿ ಕನ್ನಡಿಗನೆಂದರೆ ಕನ್ನಡವನ್ನು ತಾಯಿಯ ಮಡಿಲಲ್ಲಿ ಕಲಿತವನೇ ಆಗಬೇಕೆಂದಿರಲಿಲ್ಲ. ಶಾಲೆ, ಪತ್ರಿಕೆ, ದೇವಸ್ಥಾನದ ಅಂಗಳದ ಯಕ್ಷಗಾನದ ಆಟ ಇವುಗಳಿಂದ ಅವನು ಕನ್ನಡಿಗನಾದ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಊರು ಕೇರಳಕ್ಕೆ ಹೋದಾಗ ಇಂಥವರಿಗೆ ಆದ ಗಾಯ ಸಣ್ಣದಲ್ಲ. ರಾಜ್ಯಗಳ ಗಡಿ ವಿವಾದವನ್ನು ಪರಿಶೀಲಿಸಲು ಕೇಂದ್ರ ಸರಕಾರ ನೇಮಿಸಿದ ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿತು, ಅದು ಜಾರಿಗೆ ಬರಲಿಲ್ಲ. ಬೆಳಗಾವಿಯ ಮಾತು ಬಂದಾಗಲೆಲ್ಲ ಅದೇ ವರದಿಯನ್ನು ಎತ್ತಿ ಹಿಡಿಯುವ ನಮ್ಮ ನಾಯಕರು ಕಾಸರಗೋಡಿನ ಪುಟಕ್ಕೆ ಬರುವಾಗ ಕನ್ನಡಕ ಮರೆಯುತ್ತಾರೆ. ಪೆರಡಾಲದ ಶಾಲೆಯಲ್ಲಿ ಮಾಷ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಬೇಡಿಕೆಯನ್ನು ಕೈಬಿಡದೆಯೇ ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

ಆದುದರಿಂದ ನಮ್ಮ ತಲೆಮಾರಿನಲ್ಲಿ ಕನ್ನಡ ವಿಭಾಗಕ್ಕೆ ಸೇರಿದ ಪ್ರತಿಯೊಂದು ಮಗುವೂ ಒಂದು ಸಾಕ್ಷಿಯಾಗಿತ್ತು: ನೋಡಿ, ನಾವು ಇನ್ನೂ ಇದ್ದೇವೆ ಎಂಬುದಕ್ಕೆ ಸಾಕ್ಷಿ. ನಾನೂ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದವನು, ಅದರಲ್ಲಿ ನನಗೆ ಈಗಲೂ ಯಾವ ಸಂಕೋಚವೂ ಇಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ; ಬಳಸುವವರೇ ಇಲ್ಲವಾದರೆ ಆ ವಿಧಿ ಪುಸ್ತಕದಲ್ಲಿಯೇ ಉಳಿಯುತ್ತದೆ. ಸಮಸ್ಯೆ ಇರುವುದು ಬೇರೆ ಕಡೆ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ವಿಭಾಗಕ್ಕೆ ನೇಮಿಸಿದ ಪ್ರಕರಣಗಳು ಈ ಜಿಲ್ಲೆಯಲ್ಲಿ ಮತ್ತೆ ಮತ್ತೆ ನಡೆದಿವೆ, ಹೆತ್ತವರು ಶಾಲೆಯ ಮುಂದೆ ಧರಣಿ ಕುಳಿತದ್ದೂ ಇದೆ. ಅಂಥ ತರಗತಿಯೊಂದನ್ನು ನಾನು ಕಿಟಕಿಯ ಹೊರಗೆ ನಿಂತು ಕಂಡಿದ್ದೇನೆ. ಬೋರ್ಡಿನ ಮೇಲೆ ಲೆಕ್ಕ ಇತ್ತು, ವಿವರಣೆ ಮಲಯಾಳದಲ್ಲಿತ್ತು, ಮಲಯಾಳ ಬಲ್ಲ ಹುಡುಗಿಯೊಬ್ಬಳು ಹಿಂದೆ ತಿರುಗಿ ಉಳಿದವರಿಗೆ ಪಿಸುದನಿಯಲ್ಲಿ ತುಳುವಿನಲ್ಲಿ ಹೇಳಿಕೊಡುತ್ತಿದ್ದಳು. ಹಿರಿಯರ ಹೋರಾಟದ ಸಾಲವನ್ನು ಅಲ್ಲಿ ತೀರಿಸುತ್ತಿದ್ದುದು ಆ ಮಕ್ಕಳು.

ನನ್ನ ಸಲಹೆ ಕನ್ನಡ ವಿಭಾಗವೇ. ಆದರೆ ಮಲಯಾಳವನ್ನು ಶತ್ರುವಿನ ಭಾಷೆಯೆಂದು ಮಗುವಿಗೆ ಯಾರೂ ಹೇಳಿಕೊಡಬಾರದು, ಮನೆಯ ಹಿರಿಯರೂ ಸೇರಿ.

ಉತ್ತರ 2: ತಿರುವನಂತಪುರದಿಂದ

ಮಾಷ್ಟ್ರ ಮೇಲಿನ ಗೌರವವನ್ನು ಇಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಮಗುವನ್ನು ಸಾಕ್ಷಿಯಾಗಿ ನಿಲ್ಲಿಸುವುದು ದೊಡ್ಡವರಿಗೆ ಸುಲಭ, ಸಾಕ್ಷಿ ನಿಂತವನಿಗೆ ಅಷ್ಟು ಸುಲಭವಲ್ಲ. ನಾನು ಬದಿಯಡ್ಕ ಕಡೆಯವನು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪ್ಲಸ್ ಟುವಿನಲ್ಲಿ ಎಲ್ಲವೂ ಇಂಗ್ಲಿಷಿಗೆ ತಿರುಗಿದಾಗ ಒಮ್ಮೆ ಬಿದ್ದೆ. ಸರಕಾರಿ ಕೆಲಸ ಸಿಕ್ಕಿ ತೆಂಕಣಕ್ಕೆ ಬಂದ ಮೇಲೆ ಮಲಯಾಳದ ಕಡತ ಓದಲಾರದೆ ಇನ್ನೊಮ್ಮೆ ಬಿದ್ದೆ. ಇಲಾಖೆಯ ಭಾಷಾ ಪರೀಕ್ಷೆಗೆ ಮಕ್ಕಳ ಪಾಠಪುಸ್ತಕ ಹಿಡಿದು ಕುಳಿತಾಗ ಊರಿನ ವೇದಿಕೆಗಳಲ್ಲಿ ನಮ್ಮನ್ನು ಹುರಿದುಂಬಿಸಿದವರು ಯಾರೂ ಪಕ್ಕದಲ್ಲಿರಲಿಲ್ಲ.

ಇಲ್ಲಿ ನಾನು ‘ಕಾಸರಗೋಡಿನ ಕನ್ನಡದವನು’. ಬೆಂಗಳೂರಿಗೆ ಹೋದರೆ ಗುರುತಿನ ಚೀಟಿ ನೋಡಿದವರು, ಕೇರಳದವರಾದರೂ ಕನ್ನಡ ಚೆನ್ನಾಗಿ ಮಾತಾಡುತ್ತೀರಿ ಎಂದು ಮೆಚ್ಚುತ್ತಾರೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ನಕ್ಕು ಮುಂದೆ ಹೋಗುತ್ತೇನೆ. ನಿಜವಾಗಿ ನೋವಾದದ್ದು 2020ರ ಮಾರ್ಚಿನಲ್ಲಿ. ಕೋವಿಡ್‌ನ ಹೆಸರಿನಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಅಂದಿಗೂ ಮಂಗಳೂರೇ. ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ನಿಂತ ರೋಗಿಯ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ. ನಾವು ಯಾರಿಗಾಗಿ ಅಷ್ಟು ವರ್ಷ ಕೂಗಿದೆವೋ ಅವರಿಗೆ ನಾವು ಆಚೆಯವರಾಗಿದ್ದೆವು.

ಹಾಗೆಂದು ನನ್ನ ಗುರುತು ನನಗೆ ಬೇಡವಾಗಿಲ್ಲ. ಇಂದಿಗೂ ರಜೆಯಲ್ಲಿ ಊರಿಗೆ ಬಂದಾಗ ಮೊದಲು ವಿಚಾರಿಸುವುದು ಆ ವಾರ ಎಲ್ಲಿ ಆಟ, ಎಲ್ಲಿ ತಾಳಮದ್ದಳೆ ಎಂದು. ಯಾರೂ ಒತ್ತಾಯ ಮಾಡದೆ ನನ್ನೊಳಗೆ ಉಳಿದ ಕನ್ನಡ ಅದು. ಸಂತೋಷ ಕೊಟ್ಟದ್ದೂ ಅದೇ. ಅಕ್ಕ, ನಿಮ್ಮ ಮಗಳನ್ನು ಮಲಯಾಳ ವಿಭಾಗಕ್ಕೆ ಸೇರಿಸಿದರೂ ಮನೆಯಲ್ಲಿ ಕನ್ನಡ ಓದಿಸಬಹುದು ಎಂದು ನನಗನ್ನಿಸುತ್ತದೆ.

ಉತ್ತರ 3: ಮಂಜೇಶ್ವರದ ವ್ಯಾಪಾರಿ

ನನ್ನದು ಇದರ ತಿರುವುಮುರುವು ಕಥೆ. ನಮ್ಮ ಮನೆಮಾತು ಮಲಯಾಳ, ನಾವು ಮುಸ್ಲಿಮರು, ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ತಂದೆಯವರ ಕಾಲದಲ್ಲಿ ಇದರಲ್ಲಿ ವಿಶೇಷವೇನೂ ಇರಲಿಲ್ಲ, ಹತ್ತಿರದ ಶಾಲೆ ಕನ್ನಡದ್ದು, ವ್ಯಾಪಾರ ಮಂಗಳೂರಿನದ್ದು, ಅಷ್ಟೇ. ಈಗ ಎರಡೂ ಕಡೆಯವರು ನನ್ನಿಂದ ಏನನ್ನೋ ನಿರೀಕ್ಷಿಸುತ್ತಾರೆ. ನೀನು ನಮ್ಮವನಾಗಿದ್ದು ಲೆಕ್ಕದ ಪುಸ್ತಕವನ್ನು ಕನ್ನಡದಲ್ಲಿ ಏಕೆ ಬರೆಯುತ್ತೀ ಎಂದು ಕೆಲವರು ಕೇಳುತ್ತಾರೆ. ರಾಜ್ಯೋತ್ಸವದ ದಿನ ವೇದಿಕೆಗೆ ಕರೆದು ಶಾಲು ಹೊದೆಸಿ, ಮುಸ್ಲಿಮರಾಗಿಯೂ ಕನ್ನಡಾಭಿಮಾನಿ ಎಂದು ಹೊಗಳುವವರು ಇನ್ನು ಕೆಲವರು. ಆ ‘ಆಗಿಯೂ’ ಇಲ್ಲದಿದ್ದರೆ ಶಾಲು ಇನ್ನಷ್ಟು ಬೆಚ್ಚಗಿರುತ್ತಿತ್ತು.

ಉತ್ತರ 2ರವರಿಗೆ ಒಂದು ಮಾತು. ಮನೆಯಲ್ಲಿ ಓದಿಸಿದರೆ ಸಾಕು ಎನ್ನುವುದು ಅನುಕೂಲಸ್ಥರಿಗೆ ಸರಿ. ನಮ್ಮ ಮನೆಯಲ್ಲಿ ಕನ್ನಡ ಓದಿಸುವವರು ಯಾರಿದ್ದರು? ಶಾಲೆ ಇರದಿದ್ದರೆ ನನಗೆ ಕನ್ನಡ ಎಂಬುದೇ ಇರುತ್ತಿರಲಿಲ್ಲ. ತುಳುವರಿಗೂ ಇದೇ ಮಾತು ಅನ್ವಯಿಸುತ್ತದೆ ಅಲ್ಲವೇ? ಅಡಿಕೆ ಬೆಳೆಗಾರರು 1973ರಲ್ಲಿ ತಮ್ಮ ಸಹಕಾರಿ ಸಂಸ್ಥೆ ಕ್ಯಾಂಪ್ಕೊವನ್ನು ಕಟ್ಟಿದಾಗ ಕರ್ನಾಟಕ, ಕೇರಳ ಎರಡನ್ನೂ ಸೇರಿಸಿಯೇ ಕಟ್ಟಿದರು, ಅಡಿಕೆಯ ಧಾರಣೆಗೆ ಗಡಿ ಅಡ್ಡ ಬರಲಿಲ್ಲ. ಮಗುವಿನ ಕಲಿಕೆಗೆ ಮಾತ್ರ ನಾವು ದೊಡ್ಡವರು ಬೇಲಿ ಹಾಕುತ್ತೇವೆ.

ಉತ್ತರ 4: ಬೆಂಗಳೂರು ವಾಸಿ

ನಾದಿನಿಯವರ ಪರವಾಗಿ ಅಲ್ಲ, ಮಾಹಿತಿಗಾಗಿ ಹೇಳುತ್ತಿದ್ದೇನೆ. ನಮ್ಮ ಮಕ್ಕಳು ಕರ್ನಾಟಕದ ರಾಜಧಾನಿಯಲ್ಲಿಯೇ ಹುಟ್ಟಿ ಬೆಳೆದಿದ್ದಾರೆ. ತುಳು ಬಾರದು, ಕನ್ನಡ ಪತ್ರಿಕೆಯ ತಲೆಬರಹವನ್ನು ಕೂಡಿಸಿ ಕೂಡಿಸಿ ಓದುತ್ತಾರೆ. ಇಲ್ಲಿ ಅವರಿಂದ ಕನ್ನಡವನ್ನು ಯಾರೂ ನಿರೀಕ್ಷಿಸಲಿಲ್ಲ, ನಾವೂ ನಿರೀಕ್ಷಿಸಲಿಲ್ಲ. ಒತ್ತಾಯವಿಲ್ಲದೆ ಬೆಳೆದ ಮಕ್ಕಳು ಹೆಚ್ಚು ಸುಖಿಗಳೆಂದು ಹೇಳುವ ಧೈರ್ಯ ನನಗಿಲ್ಲ. ಊರಿಗೆ ಬಂದರೆ ಅಜ್ಜಿಯ ಬಳಿ ಐದು ನಿಮಿಷ ಕೂರಲು ಅವರಲ್ಲಿ ಮಾತಿಲ್ಲ.

ಕುಂಬಳೆಯ ತಾಯಿ

ಎಲ್ಲರಿಗೂ ಧನ್ಯವಾದಗಳು. ಮಂಜೇಶ್ವರದ ಅಣ್ಣನವರು ಹೇಳಿದ್ದು ನನಗೆ ಸರಿಯಾಗಿ ತಾಗಿತು, ಏಕೆಂದರೆ ನಮ್ಮ ಮನೆಯಲ್ಲಿಯೂ ಶಾಲೆಯ ಹೊರತು ಕನ್ನಡ ಬಂದದ್ದಿಲ್ಲ. ಕನ್ನಡ ವಿಭಾಗದ ಕಡೆಗೆ ಮನಸ್ಸು ವಾಲುತ್ತಿದೆ, ಆದರೆ ಅತ್ತೆಯವರು ಗೆದ್ದರೆಂದು ಊರಿಡೀ ಹೇಳಿಕೊಂಡು ಬರುವುದು ನನಗೆ ಬೇಡ. ಮಾಷ್ಟ್ರೇ, ಸೇರಿಸುವ ಮೊದಲು ಶಾಲೆಯಲ್ಲಿ ಏನನ್ನು ನೋಡಬೇಕು?

ನಿವೃತ್ತ ಮಾಷ್ಟ್ರು

ಮೊದಲು ಒಂದನೆಯ ತರಗತಿಯ ಅಧ್ಯಾಪಕರ ಜೊತೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಿ, ಸಾಧ್ಯವಾದರೆ ತುಳುವಿನಲ್ಲಿಯೂ. ಕನ್ನಡ ವಿಭಾಗದಲ್ಲಿ ಎಷ್ಟು ಮಕ್ಕಳಿದ್ದಾರೆ, ಮಲಯಾಳವನ್ನು ಭಾಷೆಯಾಗಿ ಯಾರು, ವಾರಕ್ಕೆ ಎಷ್ಟು ತಾಸು ಕಲಿಸುತ್ತಾರೆ ಎಂದು ಕೇಳಿ. ಎರಡು ವಿಭಾಗದ ಮಕ್ಕಳು ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂರುತ್ತಾರೆಯೇ ಎಂಬುದನ್ನು ಕೇಳಬೇಡಿ, ಹೋಗಿ ನೋಡಿ. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಧ್ಯಾಪಕರಿಗೆ ಕನ್ನಡ ಬಾರದು ಎಂದಾದರೆ ಬೇರೆ ಶಾಲೆ ಹುಡುಕೋಣ ಎಂದು ನಿಮಗಿಂತ ಮೊದಲು ಅವರೇ ಹೇಳುತ್ತಾರೆ.