ಇಂಗ್ಲೆಂಡ್‌ ಉದ್ಯೋಗ ವ್ಯಾಜ್ಯ: ಮೇಲ್ಮನವಿಗೆ ಹೆಚ್ಚು ಸಮಯ ಸಿಗುತ್ತದೆಯೇ?

ಪ್ರಶ್ನೆ: ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್ (ಉದ್ಯೋಗ ನ್ಯಾಯಮಂಡಳಿ) ತೀರ್ಪು ನನ್ನ ವಿರುದ್ಧ ಬಂದಿದೆ. ಮರುಪರಿಶೀಲನೆಗೆ ಅದೇ ಟ್ರಿಬ್ಯುನಲ್‌ಗೆ ಅರ್ಜಿ ಹಾಕಿದ್ದೇನೆ, ಉತ್ತರವಿಲ್ಲ. ಮೇಲ್ಮನವಿಯ ಗಡುವನ್ನು ಈಗಲೇ ಮುಂದಕ್ಕೆ ಹಾಕಿಸಬಹುದೇ?

ಉತ್ತರ 1: ಆಗುವುದಿಲ್ಲ. ಮೇಲ್ಮನವಿ ಸಲ್ಲಿಸಿದ ಮೇಲಷ್ಟೇ ಸಮಯ ವಿಸ್ತರಣೆಯ ಅರ್ಜಿ ಪರಿಗಣಿಸುತ್ತಾರೆ. ಮರುಪರಿಶೀಲನೆ ಬಾಕಿ ಇದ್ದರೂ ಮೇಲ್ಮನವಿಗಿರುವ 42 ದಿನಗಳ ಲೆಕ್ಕ ನಿಲ್ಲದು. ಬಹಳ ಜನ ಎಡವುವುದು ಇಲ್ಲೇ. ತೀರ್ಪು ಬುಧವಾರ ಕಳಿಸಿದ್ದರೆ ಆರು ವಾರಗಳ ನಂತರದ ಬುಧವಾರ ಸಂಜೆ 4ರೊಳಗೆ ಮೇಲ್ಮನವಿ ಅರ್ಜಿ ಎಂಪ್ಲಾಯ್‌ಮೆಂಟ್ ಅಪೀಲ್ ಟ್ರಿಬ್ಯುನಲ್‌ಗೆ (ಮೇಲ್ಮನವಿ ಕೇಳುವ ನ್ಯಾಯಮಂಡಳಿ) ತಲುಪಿರಬೇಕು. ಲೆಕ್ಕ ಕಳಿಸಿದ ದಿನದಿಂದ, ನಿಮ್ಮ ಕೈಸೇರಿದ ದಿನದಿಂದಲ್ಲ. ದಯವಿಟ್ಟು ಕಾಯಬೇಡಿ, ತೀರ್ಪು ಮತ್ತು ಲಿಖಿತ ಕಾರಣಗಳ ಪ್ರತಿ ಲಗತ್ತಿಸಿ ಈಗಲೇ ಕಳಿಸಿ.

ಉತ್ತರ 2: ಗಡುವು ದಾಟಿಬಿಟ್ಟಿದ್ದರೆ, ತಡವಾದ ಮೇಲ್ಮನವಿಗಳಿಗೆ ಮಾದರಿಯಾದ 1995ರ ಅಬ್ದೆಲ್‌ಘಫಾರ್ ಪ್ರಕರಣದ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ತಡಕ್ಕೆ ಕಾರಣವೇನು, ಅದು ಒಪ್ಪತಕ್ಕದ್ದೇ, ವಿನಾಯಿತಿ ಕೊಡುವಂಥ ವಿಶೇಷ ಸಂದರ್ಭವಿದೆಯೇ. ‘ಹುಷಾರಿರಲಿಲ್ಲ’ ಎಂದಷ್ಟೇ ಬರೆದರೆ ಸಾಲದು. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಅರ್ಜಿ ಬರೆಯಲು ಏಕೆ ಆಗಲಿಲ್ಲ ಎಂದು ವೈದ್ಯರ ಪತ್ರದಲ್ಲಿರಲಿ. ಗಡುವಿನ ನಂತರದ ದಿನಗಳಿಗೂ ವಿವರಣೆ ಬೇಕು. ವಕೀಲರು ಸಿಗಲಿಲ್ಲ ಎಂಬುದು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಉತ್ತರ 3: ಅಪೀಲ್ ಟ್ರಿಬ್ಯುನಲ್‌ನ ರಿಜಿಸ್ಟ್ರಾರ್ ಸಮಯ ವಿಸ್ತರಣೆ ನಿರಾಕರಿಸಿದರೆ ಅಲ್ಲಿನ ನ್ಯಾಯಾಧೀಶರ ಮುಂದೆ ಹೋಗಬಹುದು. ಅದಕ್ಕಿರುವುದು 5 ದಿನ ಮಾತ್ರ.